ಸೋರುವ ಪೊಟ್ಟಣ ಕೊನೆಗೂ ಹಿಡಿತಕ್ಕೆ ಬಂತು

ಬಳ್ಳಾರಿ, ಕೊಪ್ಪಳ, ರಾಯಚೂರುಗಳಲ್ಲಿ ಚದುರಿಹೋಗಿರುವ ನಮ್ಮ ಒರಿಗಾಮಿ (ಕಾಗದ ಮಡಿಸುವ ಕಲೆ) ಬಳಗವು ಸಂಕ್ರಾಂತಿಗೆಂದು ಹಾಕಿಕೊಂಡಿರುವ, ಎಳ್ಳು ತುಂಬಿಡುವ ಕಾಗದದ ಪೊಟ್ಟಣ ಮಡಿಸುವ ಪಂದ್ಯದ ಷರತ್ತುಗಳು ಕೇಳುವುದಕ್ಕೆ ಬಹಳ ಸರಳವಾಗಿವೆ. ಒಂದೇ ಚೌಕ ಹಾಳೆಯನ್ನು ಬಳಸಬೇಕು, ಮಡಿಸುವಾಗ ಕತ್ತರಿಯನ್ನಾಗಲಿ ಅಂಟನ್ನಾಗಲಿ ಮುಟ್ಟಬಾರದು, ವಿನ್ಯಾಸ ಸ್ವಂತದ್ದಾಗಿರಬೇಕು, ಮತ್ತು ಒಳಗೆ ಹಾಕಿದ ಎಳ್ಳು ಪೊಟ್ಟಣವನ್ನು ಎಷ್ಟು ಅಲುಗಾಡಿಸಿದರೂ ಹೊರಗೆ ಬೀಳಬಾರದು. ಕುಸುರೆಳ್ಳಿಗೆ ಅವಕಾಶವಿದೆಯೇ ಎಂದು ಕೇಳಿದಾಗ, ಸಕ್ಕರೆ ಪಾಕ ಹೊದ್ದು ದಪ್ಪಗಾದ ಕಾಳನ್ನು ಯಾರು ಬೇಕಾದರೂ ಹಿಡಿದಿಡಬಲ್ಲರು, ಬರಿಯ ಬಿಳಿ ಎಳ್ಳೇ ಆಗಬೇಕು ಎಂದು ಕೊಪ್ಪಳದ ಗೆಳೆಯರು ಪಟ್ಟು ಹಿಡಿದರು. ಆ ಪಟ್ಟಿನ ಫಲವನ್ನು ನಾನು ಇಷ್ಟು ಕಾಲ ನೆಲದಿಂದ ಗುಡಿಸಿ ತೆಗೆದಿದ್ದೇನೆ.

ಜಪಾನಿನ ತಾತೋ ಎಂಬ, ಮೇಲೆ ತಿರುಚಿ ಮುಚ್ಚುವ ಕಾಗದದ ಪೊಟ್ಟಣಗಳನ್ನು ಮಡಿಸಿದವರಿಗೆ ನನ್ನ ಮೂಲ ರಚನೆಯನ್ನು ವಿವರಿಸುವ ಅಗತ್ಯವಿಲ್ಲ. ಹಾಳೆಯ ನಡುಭಾಗ ತಳವಾಗುತ್ತದೆ, ನಾಲ್ಕು ಬದಿಗಳು ಒಳಕ್ಕೆ ಬರುತ್ತವೆ, ಮೂಲೆಗಳಲ್ಲಿ ಉಳಿದ ಕಾಗದ ನಿರಿಗೆಯಾಗಿ ಒಂದೇ ದಿಕ್ಕಿಗೆ ಸುತ್ತಿಕೊಂಡು ಮೇಲೆ ತಿರುಚಿನಂತೆ ಕೂರುತ್ತದೆ. ಇದರಲ್ಲಿ ನನ್ನದೆಂದು ಹೇಳಿಕೊಳ್ಳಬಹುದಾದದ್ದು ಬೀಗ ಮಾತ್ರ: ಹೀಗೆ ಒಳಕ್ಕೆ ಬಂದ ಪ್ರತಿಯೊಂದು ಬದಿಯ, ಅಂದರೆ ರೆಕ್ಕೆಯ, ತುದಿಯೂ ಪಕ್ಕದ ನಿರಿಗೆಯೊಳಗೆ ತಾನಾಗಿ ಏರ್ಪಡುವ ಜೇಬಿಗೆ ಸೇರುತ್ತದೆ. ಹಾಳೆಯ ಅಂಚುಗಳನ್ನು ಮೊದಲೇ 5 ಮಿ.ಮೀ.ನಷ್ಟು ಒಳಮಡಿಸಿದ್ದರಿಂದ ಆ ತುದಿಗಳಿಗೆ ಗಡಸುತನವೂ ಬಂದಿದೆ. ಈ ಹಂತದವರೆಗೆ ಎಲ್ಲವೂ ಸುಗಮವಾಗಿತ್ತು.

ತೊಂದರೆ ಆರಂಭವಾದದ್ದು ಪೊಟ್ಟಣವನ್ನು ಕಪ್ಪು ಚಾರ್ಟ್ ಹಾಳೆಯ ಮೇಲೆ ಹಿಡಿದು ಅಲುಗಾಡಿಸಿದಾಗ. ಮಡಿಸಿದ ತಕ್ಷಣ ಪರೀಕ್ಷಿಸಿದರೆ ಒಂದು ಕಾಳೂ ಬೀಳುತ್ತಿರಲಿಲ್ಲ. ರಾತ್ರಿಯಿಡೀ ಇಟ್ಟು ಬೆಳಿಗ್ಗೆ ನೋಡಿದರೆ ನಾಲ್ಕು ರೆಕ್ಕೆಗಳಲ್ಲಿ ಎದುರುಬದುರಿನ ಎರಡು ಮಾತ್ರ, ಹುಸಿನಿದ್ದೆ ಮಾಡುವ ಮಗುವಿನ ರೆಪ್ಪೆಗಳಂತೆ, ಕೂದಲೆಳೆಯಷ್ಟು ಎದ್ದಿರುತ್ತಿದ್ದವು. ಎಳ್ಳಿಗೆ ಅಷ್ಟೇ ಸಾಕು. ಅದರ ಚೂಪಾದ ತುದಿ ಸಂದಿಗೆ ಸಿಕ್ಕಿತೆಂದರೆ ಉಳಿದ ಮೈ ಹಿಂದೆಯೇ ಜಾರಿ ಬರುತ್ತದೆ. ‘ಇರುವಿಗೂ ಸಂಕ್ರಾಂತಿ ಆತು ಬಿಡಪ್ಪ’ ಎಂದು ಅಮ್ಮ ತೀರ್ಪು ಕೊಟ್ಟು ಎಳ್ಳಿನ ಡಬ್ಬಿಯನ್ನು ಮೇಲಿನ ನಾಗೊಂದಿಗೆಗೆ ಏರಿಸಿಬಿಟ್ಟರು.

ಕೊನೆಯಲ್ಲಿ ಸೇರಿಸುವ ರೆಕ್ಕೆಯೇ ಸಡಿಲವಾಗಿರಬಹುದೆಂಬುದು ನನ್ನ ಮೊದಲ ಗುಮಾನಿಯಾಗಿತ್ತು. ಆದ್ದರಿಂದ ಹಾಳೆಯ ಒಂದು ಅಂಚಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿ, ಪ್ರತಿ ಸಲವೂ ಬೇರೊಂದು ಬದಿಯಿಂದ ಮಡಿಸಲು ಆರಂಭಿಸಿದೆ. ಎಲ್ಲಿಂದ ಆರಂಭಿಸಿದರೂ ಗುರುತಿದ್ದ ಅಂಚು ಮತ್ತು ಅದರ ಎದುರಿನ ಅಂಚುಗಳೇ ಎದ್ದವು, ಎಳ್ಳು ಅಲ್ಲಿಂದಲೇ ಸೋರಿತು. ವಿನ್ಯಾಸ ನಾಲ್ಕೂ ಕಡೆ ಒಂದೇ ಆಗಿರುವಾಗ ಸೋರಿಕೆ ಎರಡೇ ಕಡೆ ಇದೆಯೆಂದರೆ, ಅಪರಾಧಿ ಕಾಗದವಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿಲ್ಲ.

ಕಾರ್ಖಾನೆಯ ಕಾಗದದಲ್ಲಿ ನಾರುಗಳು ಯಂತ್ರ ಓಡುವ ದಿಕ್ಕಿಗೇ ಹೆಚ್ಚಾಗಿ ಮಲಗಿರುತ್ತವೆ ಎಂಬುದು ನಮಗೆಲ್ಲ ತಿಳಿದದ್ದೇ. ನಾರು ಮಲಗಿದ ಈ ದಿಕ್ಕೇ ಕಾಗದದ ಎಳೆ. ಎಳೆಯ ಉದ್ದಕ್ಕೆ ಹಾಕಿದ ಮಡಿಕೆ ಗೆರೆ ಎಳೆದಂತೆ ಕೂರುತ್ತದೆ. ಎಳೆಗೆ ಅಡ್ಡಲಾಗಿ ಹಾಕಿದ್ದು ನಾರುಗಳನ್ನೇ ಬಗ್ಗಿಸಬೇಕಾಗುವುದರಿಂದ ಸಮಯ ನೋಡಿ ಹಿಂದಕ್ಕೆ ಪುಟಿಯುತ್ತದೆ. ಹಾಳೆಯ ಒಂದು ಮೂಲೆಯ ಚೂರಿಗೆ ಒಂದೇ ಮಗ್ಗುಲಿನಲ್ಲಿ ನೀರು ಸವರಿದಾಗ ಅದು ಸುರುಳಿಯಾದ ರೀತಿಯಿಂದ ಎಳೆಯ ದಿಕ್ಕು ಖಚಿತವಾಯಿತು. ತಳದ ನಾಲ್ಕು ಮಡಿಕೆಗಳಲ್ಲಿ ಎರಡು ಎಳೆಗುಂಟ, ಎರಡು ಎಳೆಗೆ ಅಡ್ಡ. ಪುಸ್ತಕದ ಗುರುತಿನಂಥ ಸಣ್ಣ ಕೆಲಸಗಳಲ್ಲಿ ಲೆಕ್ಕಕ್ಕೇ ಬಾರದ ಈ ವ್ಯತ್ಯಾಸ ಇಲ್ಲಿ ಎಳ್ಳಿನ ಗಾತ್ರದ ಬಾಗಿಲು ತೆರೆದಿತ್ತು. ಬಳ್ಳಾರಿಯ ಒಣ ಹವೆಯಲ್ಲಿ ಕಾಗದದ ತೇವವೂ ಇಳಿದು ನಾರು ಮತ್ತಷ್ಟು ಬಿರುಸಾಗುತ್ತದೆ.

ದಪ್ಪ ಹಾಳೆ ಪರಿಹಾರವಾಗಲಿಲ್ಲ. ತಿರುಚು ಮುಚ್ಚಿಕೊಳ್ಳಬೇಕಾದರೆ ಅದರ ಮುಖಗಳು ಒಂದಿಷ್ಟು ಬಾಗಲೇಬೇಕು, ಸಂಪೂರ್ಣ ಗಡುಸಾದ ಹಲಗೆಗಳಿಂದ ಇಂಥ ಚೌಕ ತಿರುಚನ್ನು ಮಡಿಸಲು ಬರುವುದಿಲ್ಲ. 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ ತೂಗುವ) ಹಾಳೆ ಬಾಗಲೊಲ್ಲದೆ ನಡುವಿನಲ್ಲಿ ಬಿರುಕು ಬಿಟ್ಟಿತು. ಕೈಕಾಗದದಲ್ಲಿ ಎಳೆಯ ದಿಕ್ಕು ಬಹುಮಟ್ಟಿಗೆ ಇರುವುದಿಲ್ಲ, ಆದರೆ ನನಗೆ ಸಿಕ್ಕ ಹಾಳೆ ಚೂಪಾದ ಮಡಿಕೆಯನ್ನೇ ಹಿಡಿಯಲಿಲ್ಲ. ಎರಡು ತೆಳು ಹಾಳೆಗಳನ್ನು ಎಳೆ ಅಡ್ಡವಾಗುವಂತೆ ಮೈದಾ ಅಂಟಿನಿಂದ ಜೋಡಿಸಬಹುದೆಂದು ಸೂಚಿಸಿದ್ದಕ್ಕೆ, ಅಂಟು ಎಂದರೆ ಅಂಟೇ, ಅದು ಹಾಳೆಯೊಳಗಿದ್ದರೂ ಅಂಟೇ ಎಂದು ಕೊಪ್ಪಳದಿಂದ ಶಾಸನದಂಥ ಉತ್ತರ ಬಂತು.

ಉಳಿದದ್ದು ಒಂದೇ ದಾರಿ, ಮತ್ತು ಅದೇ ಫಲಿಸಿತು: ಚೌಕವನ್ನು ದೊಡ್ಡ ಹಾಳೆಯಿಂದ 45 ಡಿಗ್ರಿ ಓರೆಯಾಗಿ ಕತ್ತರಿಸುವುದು. ಆಗ ತಳದ ನಾಲ್ಕೂ ಮಡಿಕೆಗಳು ಎಳೆಗೆ ಒಂದೇ ಕೋನದಲ್ಲಿರುತ್ತವೆ, ಆದ್ದರಿಂದ ನಾಲ್ಕೂ ಸಮನಾಗಿ ಪುಟಿಯುತ್ತವೆ, ಮತ್ತು ಆ ಪುಟಿತ ಬೀಗವನ್ನು ಸಡಿಲಿಸುವ ಬದಲು ಎಲ್ಲ ಕಡೆಯಿಂದಲೂ ಬಿಗಿಯುತ್ತದೆ. ಬೆಳಿಗ್ಗೆ ಚಾರ್ಟ್ ಹಾಳೆಯ ಮೇಲೆ ಒಂದು ಕಾಳೂ ಇರಲಿಲ್ಲ. ಸಂಜೆ ಮತ್ತೆ ಅಲುಗಾಡಿಸಿದೆ, ಆಗಲೂ ಇರಲಿಲ್ಲ. ಹಾಳೆಯನ್ನು ಹೇಗೆ ಕತ್ತರಿಸಿ ಚೌಕ ಮಾಡಬೇಕೆಂದು ಷರತ್ತಿನಲ್ಲಿ ಎಲ್ಲಿಯೂ ಬರೆದಿಲ್ಲವೆಂಬುದನ್ನು ಬಳಗಕ್ಕೆ ಮುಂಚಿತವಾಗಿಯೇ ತಿಳಿಸಿದ್ದೇನೆ.

ಖರ್ಚು ಮಾತ್ರ ಇಮ್ಮಡಿಯಾಯಿತು. 20×30 ಇಂಚಿನ ಕ್ರಾಫ್ಟ್ ಹಾಳೆಯಲ್ಲಿ 23 ಸೆಂ.ಮೀ. ಚೌಕಗಳು ನೇರವಾಗಿ ಆರು ಸಿಗುತ್ತವೆ, ಓರೆಯಾಗಿ ಮೂರೇ. ಇದರಿಂದ ಆದ ಒಂದು ಉಪಕಾರವೆಂದರೆ, ಪೇಟೆಯ ಅಂಗಡಿಯೊಂದು ‘ಪಕ್ಕಾ ಚೌಕ’ ಎಂದು ಕಟ್ಟಿಕೊಡುವ, ಒಂದು ಬದಿ ಮತ್ತೊಂದಕ್ಕಿಂತ 2 ಮಿ.ಮೀ. ಉದ್ದವಾಗಿರುವ ಕಟ್ಟುಗಳ ಹಂಗು ನನಗಿನ್ನು ಇಲ್ಲ. ಆ ಅಂಗಡಿಯಲ್ಲಿ ಎಳೆಯ ದಿಕ್ಕು ಯಾವುದೆಂದು ಕೇಳಿದಾಗ, ಕಾಗದ ಉತ್ತರಕ್ಕೂ ಮುಖ ಮಾಡುವುದಿಲ್ಲ, ದಕ್ಷಿಣಕ್ಕೂ ಮಾಡುವುದಿಲ್ಲ ಎಂಬ ಉತ್ತರ ಸಿಕ್ಕಿತ್ತು.

ಇನ್ನು ಮುಂದಿನದು ಎಲೆ-ಅಡಿಕೆಯ ಸಂಚಿ. ಅಜ್ಜಿಯರ ಸೊಂಟದಲ್ಲಿರುತ್ತಿದ್ದ ಬಟ್ಟೆಯ ಸಂಚಿಯಲ್ಲಿ ಎಲೆಗೆ, ಅಡಿಕೆಗೆ, ಸುಣ್ಣದ ಡಬ್ಬಿಗೆ ಬೇರೆಬೇರೆ ಖಾನೆಗಳಿದ್ದವು. ಚೀನಾದ ಗುಯಿಝೌ ಪ್ರಾಂತ್ಯದ ಮಿಯಾವ್ ಮತ್ತು ಡೋಂಗ್ ಸಮುದಾಯಗಳ ಮಹಿಳೆಯರು ಕಸೂತಿಯ ದಾರ ಇಡಲು ಮಡಿಸುವ ಕಾಗದದ ಪುಸ್ತಕಗಳಲ್ಲಿಯೂ ತಿರುಚಿ ಮುಚ್ಚುವ ಪೆಟ್ಟಿಗೆಗಳು ಒಂದರ ಮೇಲೊಂದು ಇರುತ್ತವೆ. ಈ ಎರಡನ್ನೂ ಸೇರಿಸಿ ಒಂದೇ ಹಾಳೆಯಲ್ಲಿ ಮೂರು ಖಾನೆ ತರುವ ನಕ್ಷೆ ಅರ್ಧ ಸಿದ್ಧವಾಗಿದೆ. ಕಾಗದವನ್ನು ಬಿಟ್ಟು ನಮ್ಮೂರಿನ ಜೀನ್ಸ್ ಘಟಕಗಳಲ್ಲಿ ಉಳಿಯುವ ಡೆನಿಮ್ ತುಂಡುಗಳಿಗೆ ಗಂಜಿ ಹಾಕಿ ಮಡಿಸುವ ಆಸೆಯೂ ಇದೆ. ಡೆನಿಮ್‌ನ ನೇಯ್ಗೆಯಲ್ಲಿ ಓರೆಗೆರೆಯೂ ಇರುವುದರಿಂದ ಎಳೆಯ ಲೆಕ್ಕಾಚಾರವನ್ನು ಹೊಸದಾಗಿ ಮಾಡಬೇಕಾದೀತು. ಗಂಜಿಯಲ್ಲಿ ಒಣಗಿಸಿದ ಮೊದಲ ತುಂಡು ಮಡಿಕೆಯನ್ನೇನೋ ಹಿಡಿಯಿತು, ಆದರೆ ಪದರಗಳೆಲ್ಲ ಸೇರುವ ನಡುವಿನಲ್ಲಿ ಅದು ಬಾಗಲೇ ಇಲ್ಲ. ಆದ್ದರಿಂದ ಅಂಗಿಗೆ ಬಳಸುವ ತೆಳು ಡೆನಿಮ್ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಿದ್ದೇನೆ.