ಚೂರಿ ಹಿಡಿದವನ ಎದುರು ಕೌಂಟರ್ ಹುಡುಗ ಏನು ಮಾಡಬೇಕು?

ಉಡುಪಿಯ ಒಂದು ಬಂಗಾರದ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತೇನೆ. ಹೊಸಬರು ಸೇರಿದಾಗ ತೂಕ, ಹಾಲ್‌ಮಾರ್ಕ್, ಬಿಲ್ಲು ಕಲಿಸುವ ಮೊದಲೇ ದರೋಡೆಯ ಮಾತು ತೆಗೆಯುತ್ತೇನೆ. ಈಚೆಗೆ ಸೇರಿದ ಹುಡುಗ ಕರಾಟೆ ಕಲಿತವನು. "ಅಣ್ಣಾ, ಒಬ್ಬಿಬ್ಬರಾದರೆ ನಾನೇ ನೋಡಿಕೊಳ್ತೇನೆ" ಅಂದ. "ಬೇಡ ಮಾರಾಯ. ಕ್ಲಾಸಲ್ಲಿ ಚೂರಿ ತೋರಿಸಿ ಬರ್ತಾರೆ. ಇಲ್ಲಿ ಅದು ಹೊರಗೆ ಬಂದದ್ದೇ ಗೊತ್ತಾಗುವುದಿಲ್ಲ" ಅಂದೆ.

2023ರ ಫೆಬ್ರವರಿ 3ರಂದು ಮಂಗಳೂರಿನ ಹಂಪನಕಟ್ಟೆಯಲ್ಲಿ ಆದದ್ದು ಹಾಗೆಯೇ. ಮಾಸ್ಕ್ ಹಾಕಿಕೊಂಡು ಗಿರಾಕಿಯ ಹಾಗೆ ಬಂದವನು, ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬರೇ ಇದ್ದ ಸಿಬ್ಬಂದಿಯನ್ನು ಇರಿದು ಕೊಂದ. ಆಮೇಲೆ ನಮ್ಮಲ್ಲಿ ಊಟದ ಹೊತ್ತಿಗೆ ಒಬ್ಬರನ್ನೇ ಬಿಡುವುದು ನಿಂತಿತು. ಒಂದು ಟ್ರೇ ಒಳಗೆ ಹೋಗದೆ ಇನ್ನೊಂದು ಹೊರಗೆ ಬರುವುದಿಲ್ಲ. ಹೆಲ್ಮೆಟ್, ಮಾಸ್ಕ್ ಬಾಗಿಲಲ್ಲೇ ತೆಗೆಸುತ್ತೇವೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಇಷ್ಟಾದರೂ ಆಯುಧ ಹಿಡಿದು ಒಳಗೆ ಬಂದರೆ? ಕೈ ಎರಡೂ ಕಾಣುವ ಹಾಗೆ ಇರಲಿ. ಕೇಳಿದ್ದನ್ನು ಕೊಡಿ. ಬಗ್ಗುವ ಮೊದಲು, ಬೀಗದ ಕೈಗೆ ಕೈ ಹಾಕುವ ಮೊದಲು "ಕೀ ಡ್ರಾಯರಲ್ಲಿದೆ, ತೆಗೀತೇನೆ" ಅಂತ ಹೇಳಿ. ಅವನಿಗೂ ಹೆದರಿಕೆ ಇರುತ್ತದೆ, ನೀವು ಫಕ್ಕನೆ ಅಲುಗಿದರೆ ಅವನ ಕೈ ಮೊದಲು ಓಡುತ್ತದೆ. ಅಲಾರಂ ಗುಂಡಿ ಅವನ ಕಣ್ಣಿಗೆ ಬೀಳದೆ ಒತ್ತಲು ಆಗುವುದಿಲ್ಲವಾದರೆ ಒತ್ತಲೇ ಬೇಡಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅವನಿಗೆ ಹೊರಗೆ ಹೋಗುವ ದಾರಿ ಬೇಕು. ಕೈಕಾಲು ಬೀಸುವುದೇನಿದ್ದರೂ ಎಲ್ಲ ಕೊಟ್ಟ ಮೇಲೂ ಅವನು ಮೈಮೇಲೆ ಬಿದ್ದಾಗ, ಅದೂ ತಪ್ಪಿಸಿಕೊಂಡು ಓಡಲಿಕ್ಕೆ.

2025ರ ಜನವರಿ 17ರಂದು ಮಂಗಳೂರು ಹತ್ತಿರದ ಕೋಟೆಕಾರು ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆಗೆ ಹಗಲಲ್ಲೇ ಆಯುಧ ಹಿಡಿದ ಗುಂಪು ನುಗ್ಗಿ ಚಿನ್ನ ದೋಚಿತ್ತಲ್ಲ, ಆ ಚಿನ್ನದಲ್ಲಿ 18 ಕಿಲೋದಷ್ಟು ಪೊಲೀಸರಿಗೆ ವಾಪಸ್ ಸಿಕ್ಕಿತು. ಹುಡುಗರಿಗೆ ಇದನ್ನೂ ಹಂಪನಕಟ್ಟೆಯದ್ದನ್ನೂ ಒಟ್ಟಿಗೇ ಹೇಳುತ್ತೇನೆ: ಹೋದ ಚಿನ್ನ ವಾಪಸ್ ಸಿಗಬಹುದು, ಹೋದ ಜೀವ ಸಿಗುವುದಿಲ್ಲ.

ಕಾನೂನು ನಮ್ಮ ಕಡೆ ಇಲ್ಲವೇ ಅಂತ ಕೇಳುತ್ತಾರೆ. ಇದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕಿನವು. ಆದರೆ ಅಗತ್ಯಕ್ಕಿಂತ ಜಾಸ್ತಿ ಹೊಡೆಯುವ ಹಾಗಿಲ್ಲ. ಸಿಕ್ಕಿಬಿದ್ದವನನ್ನು ಕಂಬಕ್ಕೆ ಕಟ್ಟಿ ತಟ್ಟಿದರೆ ಕೇಸು ನಮ್ಮ ಮೇಲೆ.

ಅವರು ಹೋದ ಮೇಲೆ ಹಿಂದೆ ಓಡಬೇಡಿ. ಶಟರ್ ಎಳೆಯಿರಿ, 112ಕ್ಕೆ ಫೋನ್ ಮಾಡಿ, ಗಾಜು ಒರೆಸಬೇಡಿ. ಪರಸ್ಪರ ಮಾತಾಡುವ ಮೊದಲು ಒಬ್ಬೊಬ್ಬರೇ ಕಂಡದ್ದನ್ನು ಬರೆದಿಡಿ: ಎತ್ತರ, ಚಪ್ಪಲಿ, ಮಾತಿನ ಧಾಟಿ, ಗಾಡಿ ಹೋದ ದಿಕ್ಕು. ಮಾತಾಡಿದರೆ ಎಲ್ಲರ ನೆನಪೂ ಜೋರು ಬಾಯಿಯವನ ನೆನಪಿನ ಹಾಗೆ ಆಗುತ್ತದೆ.

ನನ್ನ ಪ್ರಕಾರ ಹುಡುಗರು ಎದುರು ನಿಲ್ಲುವುದು ಧೈರ್ಯದಿಂದಲ್ಲ, ಧಣಿಗಳ ಹೆದರಿಕೆಯಿಂದ. "ಸುಮ್ನೆ ಕೊಟ್ಟುಬಿಟ್ಟೆಯಾ?" ಅಂತ ಕೇಳಿದರೆ? ಸಂಬಳದಲ್ಲಿ ಹಿಡಿದರೆ? ಅದಕ್ಕೇ ನಮ್ಮ ಧಣಿಗಳಿಂದಲೇ ಎಲ್ಲರೆದುರು ಹೇಳಿಸಿದೆ: ಮಾಲಿಗೆ ಇನ್ಶೂರೆನ್ಸ್ ಇದೆ, ಯಾರ ಸಂಬಳಕ್ಕೂ ಕೈ ಹಾಕುವುದಿಲ್ಲ. ಪೊಲೀಸರು ಮಾತ್ರ ಮೊದಲು ಸಿಬ್ಬಂದಿಯನ್ನೇ ವಿಚಾರಿಸುತ್ತಾರೆ. ಬೇಸರ ಬೇಡ, ಒಳಗಿನ ಸುದ್ದಿ ಹೊರಗೆ ಹೋಯಿತಾ ಅಂತ ಅವರು ನೋಡಲೇಬೇಕಲ್ವಾ?