ನರ ಕತ್ತರಿಸದೆ ಮುಗಿದ ಆಪರೇಷನ್

ಮಾರ್ಟನ್ ನ್ಯೂರೋಮಾ ಎಂದರೆ ಕಾಲ್ಬೆರಳ ಸಂದಿಯ ನರ ದಪ್ಪವಾಗಿ ನೋಯುವ ತೊಂದರೆ. ಅದರ ಆಪರೇಷನ್ನಿನಲ್ಲಿ ಪಾದಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡುವ ಮುಂಚೆಯೇ ನೋವಿನ ಸಂದಿಗೆ ಪೆನ್ನಿನಿಂದ ಗುರುತು ಹಾಕಬೇಕು. ಮರಗಟ್ಟಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಅವತ್ತು ಬೆಳಿಗ್ಗೆ ಬಂದವರು ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಹೆಂಗಸು. ಪಾದವನ್ನು ಎರಡೂ ಬದಿಯಿಂದ ಹಿಂಡಿ, ಅಂಗಾಲಿನಿಂದ ಮೂರನೇ, ನಾಲ್ಕನೇ ಬೆರಳಿನ ನಡುವೆ ಒತ್ತಿದಾಗ ಒಳಗೆ 'ಟಕ್' ಎಂದು ಜಾರಿತು. "ಅಲ್ಲೇ ಡಾಕ್ಟ್ರೇ, ಕಲ್ಲು ತುಳಿದ ಹಾಗೆ" ಎಂದರು. ಅಲ್ಟ್ರಾಸೌಂಡ್ ತೋರಿಸಿದ್ದೂ ಅದೇ ಸಂದಿ. ಇವೆರಡೂ ಹೊಂದದಿದ್ದರೆ ಬ್ಲೇಡ್ ಹಿಡಿಯಬಾರದು. ಬೆರಳ ಬುಡದ ಕೀಲಿನ ಉರಿಯೂತ, ಮೂಳೆಯ ಸಣ್ಣ ಬಿರುಕು, ಸಕ್ಕರೆ ಕಾಯಿಲೆಯಿಂದ ಹಾಳಾದ ನರ, ಯಾವುದಿದ್ದರೂ ಅಂಗಾಲು ಹೀಗೇ ಉರಿಯಬಹುದು. ಇವರಿಗೆ ಅಗಲ ಮೂತಿಯ ಶೂ, ಅಂಗಾಲಿನ ಪ್ಯಾಡ್, ಸ್ಟೆರಾಯ್ಡ್ ಇಂಜೆಕ್ಷನ್ ಎಲ್ಲ ಆಗಿತ್ತು. ಪ್ಯಾಡನ್ನು ಎಷ್ಟೋ ಜನ ನೋವಿನ ಕೆಳಗೇ ಅಂಟಿಸಿಕೊಳ್ಳುತ್ತಾರೆ, ಆಗ ಒತ್ತಡ ಇನ್ನೂ ಹೆಚ್ಚುತ್ತದೆ. ಅದು ಕೂರಬೇಕಾದದ್ದು ನೋವಿನ ಜಾಗಕ್ಕಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ.

ಈ ನ್ಯೂರೋಮಾ ಕ್ಯಾನ್ಸರ್ ಗಡ್ಡೆಯಲ್ಲ. ಬೆರಳಿನ ಹಿಂದಿನ ಉದ್ದ ಮೂಳೆಗಳ ತಲೆಗಳನ್ನು ಅಡ್ಡಲಾಗಿ ಬಿಗಿದಿರುವ ಲಿಗಮೆಂಟ್ ಎಂಬ ನಾರಿನ ಪಟ್ಟಿಯ ಕೆಳಗೆ ನರ ಹಾದುಹೋಗುತ್ತದೆ. ಹಿಮ್ಮಡಿ ಎತ್ತಿ ಹೆಜ್ಜೆ ಹಾಕಿದಾಗಲೆಲ್ಲ ಲಿಗಮೆಂಟಿನ ಅಂಚು ನರವನ್ನು ಒತ್ತುತ್ತದೆ. ವರ್ಷಗಟ್ಟಲೆ ಒತ್ತಿದರೆ ನರದ ಸುತ್ತ ನಾರು ಬೆಳೆದು ದಪ್ಪವಾಗುತ್ತದೆ. ನರವನ್ನೇ ಕತ್ತರಿಸಿ ತೆಗೆಯುವುದು ಹಳೆಯ ವಿಧಾನ. ಅದರಿಂದ ನೋವು ಹೋಗಬಹುದು, ಆದರೆ ಬೆರಳ ಸಂದಿಯ ಸ್ಪರ್ಶವೂ ಶಾಶ್ವತವಾಗಿ ಹೋಗುತ್ತದೆ, ಕೆಲವರಲ್ಲಿ ಕತ್ತರಿಸಿದ ತುದಿಯೇ ಮತ್ತೆ ಗಂಟಾಗಿ ನೋಯುತ್ತದೆ. ಆದ್ದರಿಂದ ಮೊದಲ ಸಲ ಲಿಗಮೆಂಟನ್ನು ಮಾತ್ರ ಬಿಡಿಸುವುದೇ ಸರಿ ಎನ್ನುವುದು ನಮ್ಮ ನಿಲುವು.

ಹರಡಿನ ಸುತ್ತ ಇಂಜೆಕ್ಷನ್ ಕೊಟ್ಟು, ರಕ್ತ ಹರಿಯದಂತೆ ಬಿಗಿಯುವ ಪಟ್ಟಿ (ಟೂರ್ನಿಕೆ) ಕಟ್ಟಿ, ಬೆರಳ ಸಂದಿಯಲ್ಲಿ ಸುಮಾರು 1 ಸೆಂ.ಮೀ. ಗಾಯ ಮಾಡಿದೆವು. ಮೊಂಡು ತುದಿಯ ಸಲಕರಣೆಯಿಂದ ಲಿಗಮೆಂಟಿನ ಕೆಳಮೈ ಬಿಡಿಸಿ, ಸೀಳಿರುವ ಕೊಳವೆಯನ್ನು ಅಲ್ಲಿಗೆ ತೂರಿಸಿದೆವು. ಸೀಳು ಮೇಲ್ಮುಖವಾಗಿಯೇ ಇರಬೇಕು, ನರ ಕೊಳವೆಯ ಕೆಳಗೆ ಉಳಿಯಬೇಕು. ಕೊಳವೆಯೊಳಗಿನ ಸಣ್ಣ ಕ್ಯಾಮೆರಾದಲ್ಲಿ ಲಿಗಮೆಂಟಿನ ಅಡ್ಡ ಎಳೆಗಳ ಬಿಳಿ ಪಟ್ಟಿ ಸ್ಪಷ್ಟವಾಗಿ ಕಾಣದಿದ್ದರೆ ಕತ್ತರಿಸದೆ ಕೊಳವೆ ಹೊರತೆಗೆದು ಮತ್ತೆ ಹಾಕಬೇಕು. ಕಂಡಿತು, ಕೊಕ್ಕೆ ಬ್ಲೇಡಿನಿಂದ ಎಳೆ ಎಳೆಯಾಗಿ ಬಿಡಿಸಿದೆವು. ಹೆಚ್ಚು ಕೆಡುವುದು ಹಿಮ್ಮಡಿಯ ಕಡೆಯ ಕೊನೆಯ ಎಳೆಗಳು ಉಳಿದಾಗ: ಗಾಯ ಚೆನ್ನಾಗಿ ಮಾಯುತ್ತದೆ, ನೋವು ಮಾತ್ರ ಹಾಗೇ ಇರುತ್ತದೆ. ಹಾಗಾಗಿ ಆ ಎರಡು ಮೂಳೆಗಳನ್ನು ಕೈಯಿಂದ ಅಗಲಿಸಿ, ಬಿಗಿ ಪೂರ್ತಿ ಹೋಗಿದೆಯೇ ಎಂದು ನೋಡಿದ ಮೇಲೆಯೇ ಹೊಲಿಗೆ ಹಾಕಿದೆವು.

ಮನೆಗೆ ಅದೇ ದಿನ ಕಳಿಸಬಹುದು. ಪಾದ ಇನ್ನೂ ಮರಗಟ್ಟಿರುವುದರಿಂದ ಜೊತೆಗೆ ಒಬ್ಬರು ಇರಲೇಬೇಕು. ನಮ್ಮ ಫುಟ್‌ಪಾತಿನ ಎದ್ದ ಕಲ್ಲು ಎಡವಿದರೂ ಗೊತ್ತಾಗುವುದಿಲ್ಲ. ಎರಡು ದಿನ ಕಾಲು ಎತ್ತರದಲ್ಲಿ, ಗಟ್ಟಿ ಅಡಿಯ ಚಪ್ಪಲಿಯಲ್ಲಿ ಹಿಮ್ಮಡಿಯ ಮೇಲೆ ನಡಿಗೆ, ಮಳೆ ನೀರು ತಾಗದ ಬ್ಯಾಂಡೇಜು. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಮೂತಿ ಚೂಪಾದ ಚಪ್ಪಲಿ ಆಮೇಲೂ ಬೇಡ. ತಿಂಗಳುಗಳಾದರೂ ನೋವು ಇಳಿಯದವರಿಗೆ, ಮತ್ತೆ ಸ್ಕ್ಯಾನ್ ನೋಡಿ, ನರ ತೆಗೆಯುವ ಆಪರೇಷನ್ ಆಗಲೂ ಸಾಧ್ಯವಿದೆ.