ಸೆಟ್ ಕಳೆದ ಸಂಜೆ

"ಸಂಬಳದಲ್ಲಿ ಹಿಡಿಯಿರಿ ಸರ್. ಮೊದಲು ಆ ಸೆಟ್ ಬಂದ್ ಮಾಡಿಸಿ. ರಾತ್ರಿ ಗೇಟಲ್ಲಿ ನಮ್ಮ ಹುಡುಗರು ಇದ್ದಾರೆ."

ಮಂಗಳವಾರ ಸಂಜೆ ಮಂಗಳೂರಿನ ಬೈಕಂಪಾಡಿಯ ಒಂದು ಯಾರ್ಡಿನಲ್ಲಿ ಗಾರ್ಡ್ ಒಬ್ಬರು ಹೇಳಿದ ಮಾತಿದು. ಡ್ಯೂಟಿ ಮುಗಿಸಿ ಸ್ಟೇಟ್‌ಬ್ಯಾಂಕ್ ಬಸ್ ಹತ್ತಿದ್ದರು. ವಾಕಿಟಾಕಿ ಸೆಟ್ ಸೊಂಟದಲ್ಲೇ ಇತ್ತು. ಕೊಟ್ಟಾರ ಚೌಕಿಯಲ್ಲಿ ನೋಡಿಕೊಂಡರೆ ಇಲ್ಲ. ಆ ಮಳೆಯಲ್ಲೇ ರಿಕ್ಷಾ ಹಿಡಿದು ವಾಪಸ್ ಬಂದರು. ರೇಡಿಯೋ ಸರ್ವಿಸಿಗೆ ಹೋಗಿದ್ದ ನಾನು ಅಲ್ಲೇ ಇದ್ದೆ. ಇನ್‌ಚಾರ್ಜ್ ಕೇಳಿದ ಮೊದಲ ಪ್ರಶ್ನೆ, "ಸೆಟ್ಟಿಗೆ ಎಷ್ಟು ದುಡ್ಡು ಗೊತ್ತುಂಟಾ ನಿಮಗೆ?" ಅದಕ್ಕೆ ಬಂದ ಉತ್ತರ ಮೇಲಿನದು. ಅವರ ಪ್ರಾಯಕ್ಕಾದರೂ ಮರ್ಯಾದೆ ಕೊಟ್ಟು, ಕೂತ್ಕೊಳ್ಳಿ ಅನ್ನಬಹುದಿತ್ತು, ಅಲ್ವಾ?

ನಮ್ಮ ಸೆಟ್‌ಗಳಲ್ಲಿ ಮಾತು ಎನ್‌ಕ್ರಿಪ್ಟ್ ಆಗಿ, ಅಂದರೆ ಬೇರೆಯವರಿಗೆ ಅರ್ಥವಾಗದ ಗುಟ್ಟಿನ ರೂಪದಲ್ಲಿ ಹೋಗುತ್ತದೆ. ಅದಕ್ಕೆ 256 ಬಿಟ್‌ನ ಎಇಎಸ್ ಕೀ, ಅಂದರೆ ಮಾತಿಗೆ ಬೀಗ ಹಾಕಿ ತೆಗೆಯುವ ಉದ್ದದ ಗುಟ್ಟಿನ ಸಂಖ್ಯೆ. ಹೊರಗಿನವನು ಅದನ್ನು ಒಡೆದು ಕೇಳುವುದು ಆಗದ ಮಾತು. ಆದರೆ ಕೀ ಹೊಟ್ಟೆಯಲ್ಲಿಟ್ಟುಕೊಂಡ ಸೆಟ್ಟೇ ಹೊರಗೆ ಹೋದರೆ ಒಡೆಯುವ ಅಗತ್ಯವೇ ಇಲ್ಲ. ಸ್ವಿಚ್ ಹಾಕಿದರೆ ಸಾಕು, ಯಾವ ಲಾರಿ ಎಲ್ಲಿ ನಿಂತಿದೆ, ಯಾವ ಗೇಟಲ್ಲಿ ಜನ ಕಡಿಮೆ, ಎಲ್ಲ ಕೇಳುತ್ತದೆ.

ಹಿಂದೆಲ್ಲ ಇಂಥ ಹೊತ್ತಲ್ಲಿ ಪ್ರತಿ ಸೆಟ್ಟನ್ನೂ ತರಿಸಿ, ಕೇಬಲ್ ಚುಚ್ಚಿ, ಹೊಸ ಕೀ ತುಂಬಬೇಕಿತ್ತು. ಈಗ ಗಾಳಿಯಲ್ಲೇ ಕಳುಹಿಸಬಹುದು. ಇದಕ್ಕೆ ಓಟಾರ್ (ಓವರ್-ದಿ-ಏರ್ ರೀಕೀಯಿಂಗ್) ಅನ್ನುತ್ತೇವೆ. ಮಾತಿನ ಕೀ ಗುಂಪಿಗೆಲ್ಲ ಒಂದೇ. ಅದರ ಜೊತೆಗೆ ಪ್ರತಿ ಸೆಟ್ಟಿಗೂ ಅದರದ್ದೇ ಆದ ಇನ್ನೊಂದು ಕೀ ಇರುತ್ತದೆ. ಹೊಸ ಮಾತಿನ ಕೀಯನ್ನು ಆಯಾ ಸೆಟ್ಟಿನ ಸ್ವಂತ ಕೀಯಿಂದ ಬೀಗ ಹಾಕಿ ಕಳುಹಿಸುತ್ತೇವೆ. ಕಳೆದುಹೋದ ಸೆಟ್ಟನ್ನು ಪಟ್ಟಿಯಿಂದ ತೆಗೆದರೆ ಆಯ್ತು. ಬೇರೆಯವರಿಗೆ ಹೋಗುವ ಸಂದೇಶ ಅದಕ್ಕೆ ಸಿಕ್ಕಿದರೂ ತೆರೆಯಲು ಬರುವುದಿಲ್ಲ.

ಆ ಸೆಟ್ಟಿನ ಕೀಗಳನ್ನು ಅಳಿಸುವ ಆಜ್ಞೆಯನ್ನೇ ಮೊದಲು ಕಳುಹಿಸಿದೆ. ಉತ್ತರ ಬರಲಿಲ್ಲ. ಆಫ್ ಆಗಿರಬಹುದು, ರೇಂಜಿನಿಂದ ಹೊರಗೆ ಹೋಗಿರಬಹುದು. ಹಾಗಾಗಿ ಉಳಿದವರಿಗೆಲ್ಲ ಹೊಸ ಕೀ ಕಳುಹಿಸಲು ಶುರುಮಾಡಿದೆ. ಅದು ಸೆಟ್ಟಿನ ಎರಡನೇ ಖಾನೆಯಲ್ಲಿ ಹೋಗಿ ಕೂರುತ್ತದೆ. "ಸಿಕ್ಕಿತು" ಅಂತ ಎಲ್ಲ ಸೆಟ್ಟುಗಳೂ ಹೇಳಿದ ಮೇಲೆ ಒಟ್ಟಿಗೆ ಅದಕ್ಕೆ ದಾಟಿಸುವುದು. ಕಷ್ಟ ಇರುವುದು ಇಲ್ಲೇ. ಕೆಲವು ಚಾರ್ಜರಲ್ಲಿ ಆಫ್ ಆಗಿದ್ದವು. ಒಂದು ಚಾಲಕನ ಜೊತೆ ಹಾಸನದ ದಾರಿಯಲ್ಲಿತ್ತು. ಎಲ್ಲರಿಗೂ ಕಾದರೆ ಕಳೆದ ಸೆಟ್ಟು ಅಷ್ಟು ಹೊತ್ತೂ ಕೇಳುತ್ತಿರುತ್ತದೆ. ಕಾಯದೆ ದಾಟಿಸಿದರೆ ನಮ್ಮವರೇ ಹೊರಗುಳಿಯುತ್ತಾರೆ.

ಹೊರಗುಳಿದವರು ಸುಮ್ನೆ ಇರುವುದಿಲ್ಲ. ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯಾಟ್ ಬ್ಲೇಜ್ ಮತ್ತು ಸಂಗಡಿಗರು 2011ರಲ್ಲಿ ಪಿ25 ಮಾದರಿಯ ಡಿಜಿಟಲ್ ಪೊಲೀಸ್ ರೇಡಿಯೋಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಫೆಡರಲ್ ಪೊಲೀಸರ ಗುಟ್ಟಿನ ಮಾತು ಎಷ್ಟೋ ಸಲ ಎನ್‌ಕ್ರಿಪ್ಶನ್ ಇಲ್ಲದೆ ಬಯಲಲ್ಲೇ ಹೋಗುತ್ತಿತ್ತು. ಅದಕ್ಕೆ ಒಂದು ಕಾರಣ, ತಂಡದ ಒಬ್ಬರ ಹತ್ತಿರ ಸರಿಯಾದ ಕೀ ಇಲ್ಲದಿದ್ದರೆ ಎಲ್ಲರೂ ಎನ್‌ಕ್ರಿಪ್ಶನ್ ಬಂದ್ ಮಾಡಿ ಮಾತಾಡುವುದು. ಕೆಲಸ ಆಗಬೇಕಲ್ಲ, ಜನ ಹಾಗೇ ಮಾಡುತ್ತಾರೆ. ನಾನು ಚಾರ್ಜರಲ್ಲಿದ್ದವನ್ನು ಆನ್ ಮಾಡಿಸಿ, ಹಾಸನದ್ದನ್ನು ಬಿಟ್ಟು ದಾಟಿಸಿದೆ. ಆ ಚಾಲಕ ಬಂದ ಮೇಲೆ ಕೇಬಲಿನಿಂದ ತುಂಬಿದೆ.

ಈ ಎಲ್ಲ ಕೆಲಸ ಶುರುವಾಗುವುದೇ ಒಬ್ಬ ಮನುಷ್ಯ ಬಂದು "ಕಳೆದುಹೋಯ್ತು" ಅಂದಾಗ. ಅವರು ಬೆಳಿಗ್ಗೆ ನೋಡೋಣ ಅಂತ ಮನೆಗೆ ಹೋಗಿದ್ದರೆ? ಬಸ್ಸಿನವರನ್ನು ವಿಚಾರಿಸುತ್ತಾ ಎರಡು ದಿನ ಮುಚ್ಚಿಟ್ಟಿದ್ದರೆ? ನನ್ನ ಕಂಪ್ಯೂಟರಿಗೆ ಅದು ಸುಮ್ಮನೆ ಆಫ್ ಆಗಿರುವ ಇನ್ನೊಂದು ಸೆಟ್ಟು, ಅಷ್ಟೇ. ತಿಂಗಳ ಸಂಬಳ ಹೋಗುತ್ತದೆ ಅಂತ ಗೊತ್ತಿದ್ದೂ ಅವರು ಬಂದರು. ಆ ಇನ್‌ಚಾರ್ಜ್ ಕೆಟ್ಟವರೇನಲ್ಲ, ಲೆಕ್ಕ ಕೊಡುವ ತಲೆಬಿಸಿ ಅವರಿಗೂ ಉಂಟು. ಆದರೆ ಅವತ್ತು ಅಲ್ಲಿ ನಿಂತು ನೋಡಿದ ಉಳಿದ ಗಾರ್ಡುಗಳು ಕಲಿತದ್ದೇನು? ಮುಂದಿನ ಸಲ ಅವರಲ್ಲಿ ಯಾರಾದರೂ ಸೆಟ್ ಕಳೆದುಕೊಂಡರೆ ಅಷ್ಟು ಬೇಗ ಬಂದು ಹೇಳುತ್ತಾರಾ?

ಸಂಬಳದ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಸರ್ವಿಸ್ ರಿಪೋರ್ಟಿನಲ್ಲಿ ನಾನು ಸ್ಪಷ್ಟವಾಗಿ ಬರೆದಿದ್ದೇನೆ: ಗಾರ್ಡ್ ಕೂಡಲೇ ತಿಳಿಸಿದ್ದರಿಂದ ಅದೇ ರಾತ್ರಿ ಕೀ ಬದಲಾಯಿಸಲು ಸಾಧ್ಯವಾಯಿತು, ದಯವಿಟ್ಟು ಸಂಬಳ ಹಿಡಿಯಬೇಡಿ. ಸೋಮವಾರ ಮ್ಯಾನೇಜರ್ ಸಿಗುತ್ತಾರಂತೆ. ಎದುರಲ್ಲೇ ಹೇಳುತ್ತೇನೆ.